ಐದಕ್ಷರದ ಊಟ

ಧಾರವಾಡದ ಮಾಳಮಡ್ಡಿಯಲ್ಲಿ ತ್ರ್ಯಂಬಕರಾವ್ ಮಾಸ್ತರರ ಮನೆಯ ಆಕಳು ಓಣಿಗೆಲ್ಲ ದಪ್ಪ. ಅನ್ನ, ತೊವ್ವೆ, ಪಲ್ಯ, ಮೇಲೆ ತುಪ್ಪ ತಿನ್ನುವ ಆಕಳು ಸೊರಗುವುದಾದರೂ ಹೇಗೆ? ಆ ಮನೆಯ ಸೊಸೆ ಗೋದಾಬಾಯಿ ಮಾತ್ರ ಕಡ್ಡಿಯಾಗಿದ್ದಳು. ಆಕಳ ಹೊಟ್ಟೆಗೆ ಹೋಗುತ್ತಿದ್ದುದು ಅವಳ ಊಟ.

ಗೋದಾಬಾಯಿ ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯ ಹುಡುಗಿ. ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಮಾಸ್ತರರ ಒಬ್ಬನೇ ಮಗ ಏಕನಾಥನ ಕೈ ಹಿಡಿದು ಬಂದಳು. ಅತ್ತೆ ತೀರಿಹೋಗಿದ್ದರು. ಅತ್ತೆಯ ಕಾಟವಿಲ್ಲದ ಮನೆ ಸಿಕ್ಕಿತೆಂದು ಗೆಳತಿಯರು ಹೊಟ್ಟೆಕಿಚ್ಚುಪಟ್ಟರು. ಮಾವ ಊರ ಹುಡುಗರಿಗೆಲ್ಲ ಇಂಗ್ಲಿಷ್ ಕಲಿಸಿ ಪೆನ್ಶನ್ ಪಡೆದವರು. ಬೆತ್ತವನ್ನು ಸಾಲೆಯಲ್ಲಿ ಬಿಟ್ಟು ಬಂದಿದ್ದರು, ಚಟವನ್ನು ಬಿಟ್ಟಿರಲಿಲ್ಲ.

ಏಕನಾಥ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕಾರಕೂನ. ಬೆಳಿಗ್ಗೆ ಉಂಡು ಗಾಡಿ ಹಿಡಿಯಬೇಕು. ಅವನು ಎಲೆಯ ಸುತ್ತ ನೀರು ಕಟ್ಟಿ, ಮಂತ್ರ ಹೇಳಿ, ಅಂಗೈಯ ನೀರು ಕುಡಿದು ಇನ್ನೇನು ಅನ್ನಕ್ಕೆ ಕೈ ಹಾಕಬೇಕು, ಎದುರಿನ ಎಲೆಯಿಂದ ಅಪ್ಪನ ದನಿ ಬರುತ್ತಿತ್ತು.

"ಐದಕ್ಷರದ್ದೊಂದು ಇಂಗ್ಲಿಷ್ ಶಬ್ದ. ಒಳಗ ಝಡ್ ಇರಬೇಕು. ಹೇಳು, ಉಣ್ಣು."

ಆ ನೀರು ಕುಡಿದ ಮೇಲೆ ಎಲೆ ಬಿಟ್ಟೆದ್ದರೆ ಆ ಹೊತ್ತಿನ ಊಟ ಅಲ್ಲಿಗೆ ಮುಗಿಯಿತು, ಮತ್ತೆ ಕೂಡುವಂತಿಲ್ಲ. ಅದಕ್ಕೇ ಮಾಸ್ತರರು ಅಲ್ಲಿಯವರೆಗೆ ಬಾಯಿ ಬಿಡುತ್ತಿರಲಿಲ್ಲ. ಸುಲಭದ ಅಕ್ಷರ ಬಂದ ದಿನ ಏಕನಾಥ ಏನೋ ಒಂದು ಹೇಳಿ ಪಾರಾಗುತ್ತಿದ್ದ. ಝಡ್, ಎಕ್ಸ್, ಕ್ಯೂ ಬಂತೋ, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗೋಡೆ ನೋಡುತ್ತ ಕೂತು, ಕಡೆಗೆ ಎದ್ದು ಕೋಟು ತೊಟ್ಟು ಸ್ಟೇಶನ್ನಿನ ಹಾದಿ ಹಿಡಿಯುತ್ತಿದ್ದ.

"ಊರಿಗೆಲ್ಲಾ ಕಲಿಸಿದೆ. ನನ್ನ ಹೊಟ್ಟ್ಯಾಗ ಈ ದಡ್ಡ ಹುಟ್ಟಿದಾ," ಎಂದು ಮಾಸ್ತರರು ಮಜ್ಜಿಗೆ ಅನ್ನ ಕಲಸುತ್ತಿದ್ದರು.

ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣಬೇಕು. ಗಂಡ ಉಣ್ಣದಿದ್ದರೆ ಅವಳಿಗೂ ಇಲ್ಲ. ಅದು ಮನೆಯ ಕಟ್ಟಳೆ. ಮುಟ್ಟದೆ ಬಿಟ್ಟ ಎಲೆಯನ್ನು ಗೋದಾಬಾಯಿ ತಾನೇ ಒಯ್ದು ಆಕಳ ಮುಂದಿಡಬೇಕು. ಆಮೇಲೆ ಮಾಸ್ತರರು ಅಡಿಗೆಮನೆಯ ಬಾಗಿಲಿಗೆ ಖುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಓದುವುದು ನೆಪ. ಸೊಸೆ ಒಂದು ತುತ್ತನ್ನೂ ಕದಿಯಬಾರದೆಂದು ಕಾವಲು! ಸಂಜೆ ಗಂಡ ಬರುವವರೆಗೆ ಅವಳ ಹೊಟ್ಟೆಗೆ ತಣ್ಣೀರು ಬಟ್ಟೆ. ಒಂದಕ್ಷರವೂ ಬಾರದ ಭಾಷೆಗೆ ಅವಳು ಹಸಿದಿರುತ್ತಿದ್ದಳು.

"ಕ್ಯೂದ್ದೊಂದು, ಝಡ್ಡಿಂದೊಂದು ಬಾಯಿಪಾಠ ಮಾಡ್ಕೋರಿ," ಎಂದು ಗಂಡನನ್ನು ಬೇಡಿಕೊಂಡಳು. "ನಿಮ್ಮ ಕಾಲು ಬೀಳ್ತೇನಿ."

"ಅಪ್ಪನ ಮುಂದ ನನ್ನ ನಾಲಿಗಿ ಏಳಂಗಿಲ್ಲ, ಗೋದಾ."

ಪಾಪ, ಅವನೂ ಹಸಿದಿರುತ್ತಾನಲ್ಲ ಎಂದು ಅವಳು ಮರುಗುತ್ತಿದ್ದಳು. ಹಸಿದ ಗಂಡ ಸೊರಗುತ್ತಿರಲಿಲ್ಲ, ಅವನ ಕೋಟಿಗೆ ಭಜಿಯ ವಾಸನೆ ಇರುತ್ತಿತ್ತು. ಅದು ರೈಲಿನ ಜನರ ವಾಸನೆ ಎಂದುಕೊಂಡಳು.

ಬಸುರಿಯಾದಳು. ಕಟ್ಟಳೆ ಸಡಿಲಾಗಲಿಲ್ಲ. ಏಳನೆಯ ತಿಂಗಳಲ್ಲೊಂದು ದಿನ, ಗಂಡ ಉಣ್ಣದೆ ಗಾಡಿ ಹತ್ತಿದ ಮೇಲೆ, ನೋವು ಬಂತು. ಹೆಣ್ಣು ಕೂಸು. ಅಳಲೇ ಇಲ್ಲ. ಸೂಲಗಿತ್ತಿ ರತ್ನವ್ವ ಗೋದಾಬಾಯಿಯ ಮೊಳಕೈ ಹಿಡಿದು ನೋಡಿ, "ತಾಯಿ ಮೈಯಾಗ ಏನೂ ಇಲ್ಲರಿ, ಕೂಸಿಗೆ ಎಲ್ಲಿಂದ ಬರ್ಬೇಕು?" ಎಂದಳು. ಏಕನಾಥ ಸಂಜೆ ಮರಳುವಷ್ಟರಲ್ಲಿ ಮಾಸ್ತರರು ಅದನ್ನು ಮಣ್ಣು ಮಾಡಿಸಿಬಿಟ್ಟಿದ್ದರು. ಅವನು ಕೇಳಿ, ಕೋಟು ಗೂಟಕ್ಕೆ ಹಾಕಿ, ಕೈಕಾಲು ತೊಳೆದುಕೊಂಡ.

ಮರುವರ್ಷ ಮಾಸ್ತರರಿಗೆ ಲಕ್ವ ಹೊಡೆಯಿತು. ಬಲಗಡೆ ಸತ್ತಿತು, ಮಾತು ಹೋಯಿತು. ಕಿವಿ, ಬುದ್ಧಿ, ಹಸಿವು ಮೂರೂ ಉಳಿದವು. ಗಂಜಿ ಕುಡಿಸುವ ಕೆಲಸ ಸೊಸೆಯದು.

ಅವಳು ಚಮಚವನ್ನು ಮಾವನ ತುಟಿಯ ತನಕ ಒಯ್ದು ನಿಲ್ಲಿಸುತ್ತಿದ್ದಳು. "ಹೇಳ್ರಿ ಮಾವನವರ. ಐದಕ್ಷರದ್ದು. ಕ್ಯೂ ಇರ್ಬೇಕು." ಮುದುಕ ಗೊರ ಗೊರ ಎನ್ನುತ್ತಿದ್ದ. ಸೊಟ್ಟಬಾಯಿಯಿಂದ ಜೊಲ್ಲು, ಕಣ್ಣಿಂದ ನೀರು. "ತಪ್ಪಾತು," ಎಂದು ಅವಳು ಎದ್ದು ಗಂಜಿಯನ್ನು ಆಕಳಿಗೆ ಸುರಿಯುತ್ತಿದ್ದಳು. ಮನಸ್ಸು ಬಂದ ದಿನ ಕುಡಿಸುತ್ತಿದ್ದಳು. ಅವಳಿಗೆ ಇದರಿಂದ ಸಂತೋಷವಾಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ?

ಒಂದು ಭಾನುವಾರ ಏಕನಾಥ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಅಪ್ಪನ ಎಲುಬು ಎದ್ದ ಎದೆ, ತುಟಿಯ ಮುಂದೆ ನಿಂತ ಚಮಚ. ಅವನಿಗೆ ತಡೆಯಲಾಗಲಿಲ್ಲ.

"ಕ್ವೀನ್!" ಎಂದು ಕೂಗಿದ. "ಕ್ವೈಟ್, ಕ್ವಿಲ್ಟ್, ಈಕ್ವಲ್... ಎಷ್ಟು ಬೇಕು ನಿನಗ? ಕುಡಸು ಅವರಿಗೆ!"

ಗೋದಾಬಾಯಿ ಚಮಚವನ್ನು ಬಟ್ಟಲಿಗೆ ಇಳಿಸಿದಳು.

"ಎಲ್ಲಾ ಗೊತ್ತಿದ್ದುವೇನ್ರಿ? ಆವಾಗೂ?"

ಏಕನಾಥ ನೆಲ ನೋಡಿದ. "ಗೊತ್ತಿದ್ದುವು. ಇಂಗ್ಲಿಷ್ ಮಾಸ್ತರನ ಮಗಾ ದಡ್ಡ ಅಂತ ಅವರಿಗೆ ಉರೀತಿತ್ತಲ್ಲ, ಅದನ್ನ ನೋಡಬೇಕಿತ್ತು ನನಗ. ಅವರಿಗೆ ಮಾಡಲಿಕ್ಕೆ ಬ್ಯಾರೆ ಏನಿತ್ತು ನನ್ನ ಕೈಯಾಗ?"

"ನಿಮ್ಮ ಹೊಟ್ಟಿ?"

"ಹುಬ್ಬಳ್ಳಿ ಖಾನಾವಳ್ಯಾಗ ಉಣ್ತಿದ್ದೆ."

"ನಂದು?"

"ಹೆಣ್ಣಮಕ್ಕಳು ಅಡಿಗಿಮನ್ಯಾಗ ಏನರ ತಿಂದಿರ್ತಾರ ಅಂತ ತಿಳದಿದ್ದೆ."

ಅವಳು ಅಳಲಿಲ್ಲ. ಉಳಿದ ಗಂಜಿಯನ್ನು ಮುದುಕನಿಗೆ ಕೊನೆಯ ಹನಿಯವರೆಗೆ ಕುಡಿಸಿ ಬಾಯಿ ಒರೆಸಿದಳು. ಆಮೇಲೆ ಗಂಡನಿಗೆ ಎಲೆ ಹಾಕಿ, ಬಿಸಿ ಅನ್ನ, ತೊವ್ವೆ, ತುಪ್ಪ ಬಡಿಸಿದಳು. ಅವನು ಎಲೆಗೆ ನೀರು ಕಟ್ಟಿ ಅಂಗೈಯ ನೀರು ಕುಡಿಯುವವರೆಗೆ ಸುಮ್ಮನೆ ನಿಂತಿದ್ದಳು.

"ನನಗ ಇಂಗ್ಲಿಷ್ ಬರಂಗಿಲ್ಲ, ಕನ್ನಡದಾಗ ಕೇಳ್ತೇನಿ," ಎಂದಳು. "ನಮ್ಮ ಕೂಸಿನ ಮಾರಿ ಹ್ಯಾಂಗಿತ್ತು? ಹೇಳ್ರಿ, ಉಣ್ರಿ."

ಏಕನಾಥ ಗೋಡೆ ನೋಡಿದ. ಈ ಸಲ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಉಣ್ಣದೆ ಎದ್ದುಹೋದ.

ಗೋದಾಬಾಯಿ ಆ ಎಲೆಯನ್ನು ಆಕಳಿಗಿಟ್ಟು ಬಂದು, ತನಗೊಂದು ಹೊಸ ಎಲೆ ಹಾಸಿಕೊಂಡು ಹೊಟ್ಟೆ ತುಂಬ ಉಂಡಳು. ಮರುದಿನ ಬೆಳಿಗ್ಗೆ ಗಂಡ ಅಂಗೈಯ ನೀರು ಕುಡಿದ ಮೇಲೆ ಮತ್ತೆ ಅದನ್ನೇ ಕೇಳಿದಳು.