ಎರಡು ವಾರದ ಅಕ್ಕ

ಆಫೀಸಿನಲ್ಲಿ ಅವಳಿಗೆ ‘ಎರಡು ವಾರದ ಅಕ್ಕ’ ಎಂದು ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ಆಳು ಚುರುಕು. ಏನೇ ಕೇಳಿ, ಅವಳ ಬಾಯಿಂದ ಬರುತ್ತಿದ್ದುದು ಅದೊಂದೇ ಉತ್ತರ: ಮುಂದಿನ ಎರಡು ವಾರಕ್ಕೆ ನೋಡೋಣ. ತಂಡದವರು ಬೆನ್ನ ಹಿಂದೆ ನಗುತ್ತಿದ್ದರು. ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಅವಳೂ ಸೇರಿ ಏಳು ಜನರ ತಂಡ, ಮುಖ್ಯಸ್ಥೆ ಅವಳೇ. ದೂರದ ಊರುಗಳಿಗೆ ಬಸ್ ಓಡಿಸುವ ಕಂಪನಿಯೊಂದಕ್ಕೆ ಸೀಟು ಬುಕ್ ಮಾಡುವ ಸಾಫ್ಟ್‌ವೇರ್ ಬರೆಯುತ್ತಿದ್ದರು. ವರ್ಷವಿಡೀ ಕೂತು ಬರೆದು ಕೊನೆಗೊಂದು ದಿನ ತಂದು ಸುರಿಯುವ ಹಳೇ ಪದ್ಧತಿಯಲ್ಲ, ಅಜೈಲ್. ಎರಡು ವಾರಕ್ಕಾಗುವಷ್ಟು ಕೆಲಸ ಎತ್ತಿಕೊಳ್ಳಬೇಕು, ಮುಗಿಸಬೇಕು, ಬಸ್ಸಿನವರಿಗೆ ತೋರಿಸಬೇಕು, ಮತ್ತೆ ಎರಡು ವಾರದ್ದು ಎತ್ತಿಕೊಳ್ಳಬೇಕು. ಒಂದೊಂದು ಎರಡು ವಾರಕ್ಕೂ ಸ್ಪ್ರಿಂಟ್ ಅಂತ ಹೆಸರು. ಕಾಫಿ ಮೆಷಿನ್ ಪಕ್ಕದ ಗೋಡೆಯ ತುಂಬ ಚೀಟಿಗಳು: ಹಳದಿ ಚೀಟಿಯಲ್ಲಿ ಮಾಡಬೇಕಾದ ಕೆಲಸ, ಕೆಂಪು ಚೀಟಿಯಲ್ಲಿ ಎದುರಾಗಬಹುದಾದ ಅಪಾಯ. ಏನು ಕೆಡಬಹುದು, ಕೆಟ್ಟರೆ ಎಷ್ಟು ನಷ್ಟ, ಅದನ್ನು ನೋಡಿಕೊಳ್ಳುವವರು ಯಾರು, ಎಲ್ಲ ಆ ಕೆಂಪು ಚೀಟಿಯಲ್ಲೇ. ಈ ಕೆಂಪು ಚೀಟಿಯ ವಿದ್ಯೆಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಬೇರೆ ತಂಡದವರಿಗೆ ಅಪಾಯ ನಿಭಾಯಿಸುವುದು ಹೇಗೆಂದು ಪಾಠ ಹೇಳಲು ಅವಳನ್ನೇ ಕರೆಯುತ್ತಿದ್ದರು. ಎಂಥ ವಿಪರ್ಯಾಸ ನೋಡಿ.

ತಂಡದಲ್ಲಿ ಐವತ್ನಾಲ್ಕು ವರ್ಷದವರೊಬ್ಬರಿದ್ದರು. ಅವಳನ್ನು ಬಿಟ್ಟರೆ ಉಳಿದವರೆಲ್ಲ ಇಪ್ಪತ್ತೈದರ ಆಸುಪಾಸಿನವರಾದ್ದರಿಂದ ಅವರು ‘ಅಜ್ಜ’ ಆಗಿಬಿಟ್ಟಿದ್ದರು. ಅವಳು ಮಾತ್ರ ‘ಸರ್’ ಎನ್ನುತ್ತಿದ್ದಳು. ಇಪ್ಪತ್ತು ವರ್ಷದ ಹಿಂದೆ ಅವಳು ಮೊದಲ ಕೆಲಸಕ್ಕೆ ಸೇರಿ ಕಣ್ಣುಕಣ್ಣು ಬಿಡುತ್ತಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ಅವರು. ಯಾವ ಸೀಟು ಯಾರಿಗೆ ಎಂದು ಹಂಚುವ ಭಾಗವನ್ನು ಬರೆದವರೂ ಅವರೇ. ಅದರ ಒಳಹೊರಗು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅದು ಅಪಾಯ ಎಂದು ಕೆಂಪು ಚೀಟಿ ಬರೆದು ಅಂಟಿಸಿದವರೂ ಅವರೇ: ‘ಸೀಟು ಹಂಚಿಕೆ ಒಬ್ಬನಿಗೇ ಗೊತ್ತು. ಎರಡು ವಾರ ನನ್ನ ಜೊತೆ ಯಾರನ್ನಾದರೂ ಕೂರಿಸಿ.’ ನೋಡಿಕೊಳ್ಳುವವರ ಜಾಗದಲ್ಲಿ ಅವಳು ತನ್ನ ಹೆಸರು ಬರೆದುಕೊಂಡಳು.

ಬರೆದುಕೊಂಡಿದ್ದಷ್ಟೇ ಬಂತು. ಕಲಿಯಲು ಒಬ್ಬರನ್ನು ಕೂರಿಸಿದರೆ ಆ ಎರಡು ವಾರ ಬಸ್ಸಿನವರಿಗೆ ತೋರಿಸಲು ಒಂದು ಕೆಲಸ ಕಡಿಮೆಯಾಗುತ್ತಿತ್ತು. ಈ ಸಲ ಬೇಡ ಎಂದು ಚೀಟಿಯನ್ನು ಕಿತ್ತು ಮುಂದಿನ ಸಾಲಿಗೆ ಅಂಟಿಸಿದಳು. ಅದರ ಮುಂದಿನ ಸಲವೂ ಅಷ್ಟೇ. ಹೀಗೆ ಹನ್ನೊಂದು ಸಲ. ಅಂಟು ಸತ್ತು ಚೀಟಿ ಉದುರತೊಡಗಿದಾಗ ಮೇಲೊಂದು ಟೇಪ್ ಹಚ್ಚಿದಳು.

ಹನ್ನೆರಡನೆಯ ಸ್ಪ್ರಿಂಟ್ ಶುರುವಾಗುವಾಗ ಅಜ್ಜ ಬಂದು ಒಂದು ವಾರ ರಜೆ ಕೇಳಿದರು. ಹೆಂಡತಿಗೆ ಗಂಟಲಿನ ಆಪರೇಷನ್ ಎಂದರು. ಆ ವಾರವೇ ಸಾಫ್ಟ್‌ವೇರ್ ಜನರ ಕೈಗೆ ಹೋಗುವುದಿತ್ತು. ಏನಾಗಿದೆ, ಎಂಥ ಆಪರೇಷನ್ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಒಂದು ನಿಮಿಷ ಹೆಚ್ಚು ಹಿಡಿಯುತ್ತಿತ್ತೋ ಏನೋ! ರಜೆ ತಗೊಳ್ಳಿ ಸರ್, ಆದರೆ ಲ್ಯಾಪ್‌ಟಾಪ್ ಒಂದು ಜೊತೆಗಿರಲಿ ಎಂದಳು.

ಬುಕಿಂಗ್ ಶುರುವಾದ ಬೆಳಿಗ್ಗೆಯೇ ಒಂದೇ ಸೀಟು ಇಬ್ಬಿಬ್ಬರಿಗೆ ಹೋಗತೊಡಗಿತು. ಬಸ್ಸಿನವರು ಫೋನಿನಲ್ಲಿ ಕೂಗಾಡಿದರು. ತಂಡದ ಐವರು ಅಜ್ಜನ ಕೋಡ್ ತೆರೆದುಕೊಂಡು ತಲೆ ಕೆರೆದುಕೊಂಡರು. ಬೇರೆ ದಾರಿ ಕಾಣದೆ ಅವಳು ಅಜ್ಜನಿಗೆ ಕಾಲ್ ಮಾಡಿದಳು. ಅವರು ವಾರ್ಡಿನಲ್ಲಿ, ಮರುದಿನ ಆಪರೇಷನ್ ಇದ್ದ ಹೆಂಡತಿಯ ಮಂಚದ ಪಕ್ಕ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೆಡ್‌ಫೋನ್ ಹಾಕಿಕೊಂಡರು. ಇಂಥ ಕಾಲ್‌ಗಳನ್ನೆಲ್ಲ ರೆಕಾರ್ಡ್ ಮಾಡುವುದು ಕಂಪನಿಯ ಪದ್ಧತಿ. ಆಮೇಲೆ ಕೇಳಿ ಪಾಠ ಕಲಿಯಲಿ ಅಂತ.

ಅಜ್ಜ ತಪ್ಪು ಹುಡುಕುತ್ತಿದ್ದಾಗ ಹಿಂದಿನಿಂದ ಒಂದು ಹೆಣ್ಣುದನಿ ಬಂತು, ಜೊತೆಗೆ ಸಣ್ಣ ನಗು. ಅವಳಿಗೆ ಅದು ಗಲಾಟೆಯಾಗಿ ಕೇಳಿತು.

“ಸರ್, ಆ ಕಡೆಯಿಂದ ಸದ್ದು ಬರ್ತಿದೆ. ನಿಮ್ಮ ಮೈಕ್ ಸ್ವಲ್ಪ ಮ್ಯೂಟ್ ಮಾಡ್ಕೊಳ್ತೀರಾ?”

ಅಜ್ಜ ಮ್ಯೂಟ್ ಮಾಡಿಕೊಂಡರು. ನಲವತ್ತು ನಿಮಿಷದಲ್ಲಿ ತಪ್ಪು ಸಿಕ್ಕಿತು, ಸರಿಯೂ ಆಯಿತು, ಆಫೀಸಿನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. ಸ್ಪ್ರಿಂಟಿನ ಕೊನೆಯಲ್ಲಿ, ಚೆನ್ನಾಗಿ ಆಗಿದ್ದೇನು ಎಂದು ಬರೆಯುವ ಸಾಲಿನಲ್ಲಿ, ‘ಅಜ್ಜ ಆಸ್ಪತ್ರೆಯಿಂದಲೇ ಸರಿಮಾಡಿಕೊಟ್ಟರು’ ಎಂದು ಅವಳೇ ಅಂಟಿಸಿದಳು. ಈಗ ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಅಜ್ಜ ವಾಪಸ್ ಬಂದರು, ಎಂದಿನಂತೆ ಕೆಲಸ ಮಾಡಿದರು. ತಿಂಗಳಾದ ಮೇಲೆ ಒಂದು ದಿನ ಹಳದಿ ಚೀಟಿಯ ನಾಲ್ಕು ಕಟ್ಟು ಮನೆಗೆ ಒಯ್ಯಲೇ ಎಂದು ಕೇಳಿದರು. ಅಷ್ಟೊಂದು ಯಾಕೆ ಸರ್ ಎಂದು ಅವಳು ನಕ್ಕಳು. ಆಗ ಹೇಳಿದರು. ಹೆಂಡತಿಯ ಗಂಟಲಲ್ಲಿ ಗೆಡ್ಡೆಯಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಜೀವ ಉಳಿದಿತ್ತು, ದನಿ ಹೋಗಿತ್ತು. ಮನೆಯಲ್ಲಿ ಈಗ ಮಾತೆಲ್ಲ ಚೀಟಿಯಲ್ಲಿ.

“ಮೂವತ್ತು ವರ್ಷ ಅವಳ ಮಾತು ಕೇಳಿ ಕೇಳಿ, ಸಾಕು ಸುಮ್ನಿರೇ ಅಂತಿದ್ದೆ ಕಣಮ್ಮ,” ಎಂದರು ಅಜ್ಜ. “ಈಗ ಮನೇಲಿರೋ ಮೊಬೈಲೆಲ್ಲ ಜಾಲಾಡಿದೀನಿ. ಒಂದರಲ್ಲೂ ಅವಳ ದನಿ ಇಲ್ಲ. ಮೊಬೈಲ್ ಎತ್ತಿದ್ರೆ ಸಾಕು, ಬಾಯಿ ಮುಚ್ಕೊಂಡು ಮುಖ ತಿರುಗಿಸ್ಕೊಳ್ಳೋಳು.”

ಅಜ್ಜ ಆಚೆ ಹೋದ ಮೇಲೆ ಮೀಟಿಂಗ್ ರೂಮಿನ ಬಾಗಿಲು ಹಾಕಿಕೊಂಡು ಆ ದಿನದ ರೆಕಾರ್ಡಿಂಗ್ ಹುಡುಕಿದಳು. ಇತ್ತು. ಹನ್ನೊಂದನೆಯ ನಿಮಿಷದಲ್ಲಿ ಆ ಹೆಣ್ಣುದನಿ, ತುಸು ಒರಟು, ಬಳಲಿದ್ದರೂ ತಮಾಷೆ ಬಿಡದ ದನಿ: “ರೀ, ಒಂಚೂರು ಈ ಕಡೆ ತಿರುಗ್ರೀ. ನಾಳೆಯಿಂದ ಚೀಟೀಲೇ ಬೈಸ್ಕೋಬೇಕು ನೀವು.” ಆಮೇಲೆ ಆ ನಗು. ನಗು ಮುಗಿಯುವ ಮೊದಲೇ ಅದರ ಮೇಲೆ ಹತ್ತಿ ಕೂತಂತೆ ಇವಳದೇ ಮಾತು: ಸರ್, ಆ ಕಡೆಯಿಂದ ಸದ್ದು ಬರ್ತಿದೆ.

ತಕ್ಷಣ ಎದ್ದುಹೋಗಿ ಕೊಟ್ಟುಬಿಡಬೇಕಿತ್ತು. ಅಷ್ಟೇ ಕೆಲಸ. ಆದರೆ ಕೊಟ್ಟರೆ ಆ ನಗುವಿನ ಜೊತೆ ತನ್ನ ಮಾತೂ ಅವರ ಮನೆ ಸೇರುತ್ತದಲ್ಲ! ಆಯಮ್ಮನೂ ಕೇಳುತ್ತಾಳಲ್ಲ! ತನ್ನ ಮಾತನ್ನು ಕತ್ತರಿಸಿ ಕೊಡೋಣವೆಂದರೆ ಅದೂ ಕಳ್ಳತನವೆನಿಸಿತು. ಹೇಗೆ ಹೇಳುವುದೆಂದು ಸ್ವಲ್ಪ ಯೋಚಿಸೋಣ ಎಂದುಕೊಂಡಳು. ಡೈರಿಯಲ್ಲಿ ‘ಸರ್‌ಗೆ ರೆಕಾರ್ಡಿಂಗ್’ ಎಂದು ಬರೆದಳು. ಎರಡು ವಾರ ಕಳೆಯಿತು, ಮುಂದಿನ ಪುಟಕ್ಕೆ ಅದನ್ನೇ ನಕಲು ಮಾಡಿದಳು. ಮತ್ತೆರಡು ವಾರ. ಅಭ್ಯಾಸ ಎಲ್ಲಿ ಹೋಗುತ್ತದೆ?

ನಾಲ್ಕು ಸಲ ನಕಲು ಮಾಡಿದ ಮೇಲೆ, ಒಂದು ಸೋಮವಾರ ಮಧ್ಯಾಹ್ನ, ಆದದ್ದಾಗಲಿ ಎಂದು ಗಟ್ಟಿ ಮನಸ್ಸು ಮಾಡಿ ರೆಕಾರ್ಡಿಂಗ್ ತೆರೆಯಲು ಹೋದಳು. ಇರಲಿಲ್ಲ. ತೊಂಬತ್ತು ದಿನ ಕಳೆದ ಕಾಲ್‌ಗಳು ತಾವಾಗಿಯೇ ಅಳಿಸಿಹೋಗುತ್ತಿದ್ದವು. ತೊಂಬತ್ತನೆಯ ದಿನ ಹಿಂದಿನ ಶುಕ್ರವಾರಕ್ಕೆ ಮುಗಿದಿತ್ತು. ಸಿಸ್ಟಮ್ ನೋಡಿಕೊಳ್ಳುವವನ ಕೈಕಾಲು ಹಿಡಿದಳು. ಹೋದದ್ದು ಹೋಯಿತು ಮೇಡಂ ಎಂದ. ಆ ತೊಂಬತ್ತು ದಿನದ ನಿಯಮವನ್ನು ಹೊಸಬರಿಗೆಲ್ಲ ಪಾಠದಲ್ಲಿ ಹೇಳಿಕೊಡುತ್ತಿದ್ದವಳು ಅವಳೇ.

ಇದನ್ನು ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇನ್ನೊಂದು ಎರಡು ವಾರ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಅಜ್ಜನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು, ಇಪ್ಪತ್ತು ವರ್ಷದ ಹಿಂದೆ ಕೂರುತ್ತಿದ್ದ ಹಾಗೆಯೇ. ರೆಕಾರ್ಡಿಂಗ್ ಇದ್ದದ್ದು, ತಾನು ಕೇಳಿದ್ದು, ಮ್ಯೂಟ್ ಮಾಡಿ ಎಂದದ್ದು ಯಾವ ಮಾತಿನ ಮೇಲೆ ಎಂಬುದು, ನಾಚಿಕೆಗೆ ಮುಂದೂಡಿದ್ದು, ಅಳಿಸಿಹೋದದ್ದು, ಒಂದೂ ಬಿಡದೆ ಹೇಳಿದಳು. ಕೊನೆಗೆ, ಅವರು ಆವತ್ತು ಏನಂದರು ಅಂತ ನನಗೆ ಅಕ್ಷರ ಅಕ್ಷರ ನೆನಪಿದೆ ಸರ್, ಬರೆದುಕೊಡುತ್ತೇನೆ ಎಂದಳು.

ಅಜ್ಜ ಕೊರಳಲ್ಲಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಆವತ್ತು ಇದು ಕಿವಿಗಿತ್ತು, ನಂಗೆ ಕೇಳಿಸ್ಲಿಲ್ಲ. ಏನಂದ್ಲು ಅಂತ ಆಮೇಲೆ ಅವಳೇ ಬರೆದು ತೋರ್ಸಿದಾಳಮ್ಮ,” ಎಂದರು. “ಮಾತು ನನ್ನ ಹತ್ರ ಇದೆ. ದನಿ ಬೇಕಿತ್ತು.”

ಬರೆಯಲೆಂದು ತೆರೆದಿದ್ದ ಡೈರಿಯನ್ನು ಅವಳು ಮುಚ್ಚಿದಳು.

“ನಕ್ಕೆ ಅಂತಲೂ ಬರ್ದಿದ್ಲು. ನಿಜವಾಗ್ಲೂ ನಕ್ಕಿದ್ಲಾ?”

“ಹೂಂ ಸರ್. ನಕ್ಕಿದ್ರು.”

“ಹೇಗೆ?”

ಆ ನಗು ಅವಳ ಕಿವಿಯಲ್ಲಿ ಇನ್ನೂ ಇತ್ತು, ಬೇರೆ ಯಾರ ಕಿವಿಯಲ್ಲೂ ಇರಲಿಲ್ಲ. ಹೇಳಲೆಂದು ಬಾಯಿ ತೆರೆದಳು. ಹೇಗೆಂದು ಹೇಳುವುದು? ಅಜ್ಜ ಅವಳ ಮುಖವನ್ನೇ ನೋಡುತ್ತ ಕಾದರು, ನಿಜವಾಗಿಯೂ ಕಾದರು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೆಲಸಕ್ಕೆ ತಿರುಗಿದರು.