ಅತ್ತೆ ಬೆನ್ನಿಗೆ ಕಿವಿಯಿಟ್ಟ ದಿನ

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ ಶುರುವಾದದ್ದು ಇದು. ರಾಮನಗರದಲ್ಲಿ ನಮ್ಮದೊಂದು ಸಣ್ಣ ರೇಷ್ಮೆ ನೂಲು ತೆಗೆಯುವ ಘಟಕವಿದೆ. ಬೇಯುವ ರೇಷ್ಮೆಗೂಡಿನ ಮುಂದೆ ಕೂತರೆ ಸಾಕು, ನನಗೆ ಎದೆ ಬಿಗಿದು ಕೆಮ್ಮು ಬರುತ್ತಿತ್ತು. ಉಯ್ಯಂಬಳ್ಳಿಯ ತವರಿಗೆ ಹೋದರೆ ಕೆಮ್ಮು ಮಾಯ. ಅತ್ತೆಗೆ ಅನುಮಾನ ಬರಲು ಅಷ್ಟು ಸಾಕಾಯಿತು.

ನಮ್ಮತ್ತೆ ಅನುಮಾನದಲ್ಲೇ ಪಳಗಿದವರು. ಗೂಡಿನ ಮಾರುಕಟ್ಟೆಯಲ್ಲಿ ರಾಶಿಯ ಮೇಲಿನ ಹೊಳೆಯುವ ಗೂಡನ್ನು ಅವರು ನಂಬಿದ್ದೇ ಇಲ್ಲ. ಮೊಣಕೈವರೆಗೆ ಕೈ ತೂರಿಸಿ ತಳದ ಗೂಡು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿದ ಮೇಲೆಯೇ ವ್ಯಾಪಾರದ ಮಾತು.

ಕೊನೆಗೆ ಅತ್ತೆ, ಗಂಡ ಇಬ್ಬರೂ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮೊದಲು ನನ್ನನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಕೊಳವೆಯಲ್ಲಿ ಊದಿಸಿದರು. ಉಸಿರಿನ ಬಲ ಕಡಿಮೆಯಾಗಲೇ ಇಲ್ಲ.

"ನೋಡ್ದಾ, ಓಡ್ಸುದ್ರೂ ಏನೂ ಆಗ್ನಿಲ್ಲ. ಕೆಲಸಕ್ಕೆ ಕೂತ್ರೆ ಮಾತ್ರ ಬತ್ತದೆ ಇವಳ ಕಾಯ್ಲೆ" ಎಂದರು ಅತ್ತೆ, ಮಗನಿಗೆ. ನನ್ನ ಗಂಡ ನೆಲ ನೋಡುತ್ತಾ ನಿಂತಿದ್ದರು. ಅವರಿಗೂ ಅನುಮಾನ ಹತ್ತಿದೆ ಎಂದು ಗೊತ್ತಾಗಿ ನನಗೆ ಅಳು ಬಂತು.

ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು: "ಓಟದ ಪರೀಕ್ಷೆಗೆ ಸಿಗದ ಅಸ್ತಮಾನೂ ಇರುತ್ತೆ. ಔಷಧಿಯ ಹಬೆ ಎಳೆಸಿ ನೋಡೋ ಪರೀಕ್ಷೆ ಇನ್ನೂ ಸೂಕ್ಷ್ಮ. ಅಸ್ತಮಾ ಇರೋರಿಗೆ ಸ್ವಲ್ಪ ಎಳೆದರೂ ಎದೆ ಬಿಗಿಯುತ್ತೆ. ಬೇರೆಯವರಿಗೆ ಅಷ್ಟಕ್ಕೆಲ್ಲ ಏನೂ ಆಗಲ್ಲ."

"ಇಲ್ದಿರೋ ಕಾಯ್ಲೆ ನೀವೇ ಬರ್ಸುದ್ರೆ?" ಅತ್ತೆ ಕೇಳಿದರು. ನಿಜ ಹೇಳಬೇಕೆಂದರೆ ಅದೇ ಅನುಮಾನ ನನಗೂ ಇತ್ತು.

ಮರುವಾರ ಅತ್ತೆ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕಾವಲು ಕೂತರು. ಮೊದಲ ಹಬೆ ಎಳೆದೆ. ಇದರಲ್ಲೂ ಏನೂ ಸಿಗದಿದ್ದರೆ ಆ ಮನೆಯಲ್ಲಿ ಸುಳ್ಳುಗಾತಿಯಾಗಿಯೇ ಇರಬೇಕಲ್ಲ ಎಂದು, ಬೇಕೆಂದೇ ಕೆಮ್ಮಿಬಿಡೋಣ ಅನ್ನಿಸಿತು. ಮನಸ್ಸು ಒಪ್ಪಲಿಲ್ಲ. ಸುಮ್ಮನೆ ಊದಿದೆ.

"ಇದ್ರಲ್ಲೂ ಏನಿಲ್ಲ, ನಡಿ" ಎಂದು ಅತ್ತೆ ಎದ್ದೇಬಿಟ್ಟರು.

"ಕೂತ್ಕೊಳ್ಳಿ ಅಮ್ಮ. ಈಗ ಕೊಟ್ಟಿದ್ದು ಬರೀ ಉಪ್ಪುನೀರು. ಅದಕ್ಕೆ ಏನೂ ಆಗಬಾರದು" ಎಂದರು ಡಾಕ್ಟರಮ್ಮ. ಅತ್ತೆ ನನ್ನ ಮುಖ ನೋಡಿದರು. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದು ಕೂತರು.

ಆಮೇಲೆ ನಿಜವಾದ ಔಷಧಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಅದೇ ಹಳೆಯ ಬಿಗಿತ, ಸುಂಯ್ ಸುಂಯ್ ಅನ್ನುವ ಉಸಿರು. ಅತ್ತೆ ಬಗ್ಗಿ ನನ್ನ ಬೆನ್ನಿಗೆ ಕಿವಿಯಿಟ್ಟರು. ಹಾಗೇ ಒಂದು ಗಳಿಗೆ ಇದ್ದು, "ಸಾಕು ಬುಡವ್ವ. ಒಳಗೆ ಐತೆ" ಎಂದರು. ಡಾಕ್ಟರಮ್ಮ ಪಂಪ್ ಕೊಟ್ಟಾಗ ಉಸಿರು ಸರಾಗವಾಯಿತು. ಗೂಡಿನ ಹಬೆಯಿಂದ ದೂರ ಇರಬೇಕೆಂದು ಹೇಳಿ ಕಳಿಸಿದರು.

ಬಸ್ಸಿನಲ್ಲಿ ಅತ್ತೆ ಆಡಿದ್ದು ಒಂದೇ ಮಾತು: "ನಾಳೆಯಿಂದ ಗೂಡಿನ ಮುಂದೆ ನಾನು ಕೂತ್ಕತೀನಿ."

ಈಗ ಘಟಕದ ಹೊಸ್ತಿಲು ದಾಟಲು ಅವರೇ ನನ್ನನ್ನು ಬಿಡುವುದಿಲ್ಲ. ಆದರೂ ಕಿವಿಗೆ ಬಿದ್ದ ಮೇಲೆ ನಂಬಿದರೇ ಹೊರತು, ನಾನು ಬಾಯಿಬಿಟ್ಟು ಹೇಳಿದಾಗ ನಂಬಲಿಲ್ಲವಲ್ಲ ಎಂಬ ನೋವು ಹೋಗಿಲ್ಲ. ಇಂದಿಗೂ ನಾನು ಕೆಮ್ಮಿದರೆ ಅತ್ತೆ ತಟ್ಟನೆ ತಿರುಗಿ ನೋಡುತ್ತಾರೆ. ಅದು ಕಾಳಜಿಯೇ ಇರಬೇಕು. ಅನುಮಾನ ಪಡುವ ಸರದಿ ಈಗ ನನ್ನದು.