ಅತ್ತೆಯ ನೋವಿನ ಕಾರ್ಡು

ಖುಷಿಯಾದರೆ ಕಿರುಚುವುದು ನನ್ನ ಹುಟ್ಟುಗುಣ. ಹಾಗಾಗಿ ಮಸ್ಕತ್ತಿನ ಆ ಆಸ್ಪತ್ರೆಯ ಕೌಂಟರಿನಲ್ಲಿ ಅತ್ತೆಯ ಕಾರ್ಡು ಕೈಗೆ ಬಂದ ಕೂಡಲೇ ನಾನು ಕಿರುಚಿಬಿಟ್ಟೆ. ಬೆಂಚಿನಲ್ಲಿ ಕೂತಿದ್ದ ಒಮಾನಿ ಅಜ್ಜ ಬೆಚ್ಚಿಬಿದ್ದು ಕೋಲು ಹುಡುಕಿದರು. ಕೌಂಟರಿನ ಹುಡುಗಿ ಸಾಕು ಸಾಕು ಎಂಬಂತೆ “ಖಲಾಸ್, ಖಲಾಸ್” ಎನ್ನುತ್ತಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನನ್ನ ಗಂಡ ಮಾತ್ರ ಈ ಹೆಂಗಸು ಯಾರೋ ಎನ್ನುವ ಹಾಗೆ ಗೋಡೆಯ ಪೋಸ್ಟರ್ ಓದುತ್ತಾ ನಿಂತರು. ಪೋಸ್ಟರ್ ಪೂರ್ತಿ ಅರಬಿಯಲ್ಲಿತ್ತು. ಇವರಿಗೆ ಅರಬಿ ಓದಲು ಬರುವುದಿಲ್ಲ.

ಒಂದು ಕಾರ್ಡಿಗೆ ಇಷ್ಟು ಕುಣಿತವಾ ಎಂದು ಕೇಳಬೇಡಿ. ನಾವು ಪಟ್ಟ ಪಾಡು ನಮಗೇ ಗೊತ್ತು.

ಅತ್ತೆಗೆ ಉಡುಪಿಯಲ್ಲಿರುವಾಗ ಸರ್ಪಸುತ್ತು ಆಗಿತ್ತು. ಗುಳ್ಳೆ ಒಣಗಿತು, ಕಲೆಯೂ ಮಾಸಿತು, ಎಡಪಕ್ಕೆಯ ಉರಿ ಮಾತ್ರ ಹೋಗಲಿಲ್ಲ. ನರಕ್ಕೆ ಹಿಡಿದ ನೋವು ಅದು. ಫ್ಯಾನಿನ ಗಾಳಿ ತಾಗಿದರೂ ಉರಿ, ಬಟ್ಟೆ ತಾಗಿದರೂ ಉರಿ. ಊರಿನ ಡಾಕ್ಟರ್ ಕೊಟ್ಟ ಒಂದು ಮಾತ್ರೆಗೆ ಅದು ಹದ್ದುಬಸ್ತಿಗೆ ಬಂದಿತ್ತು. ಮಾವ ತೀರಿಹೋದ ಮೇಲೆ ಇವರು ಅಮ್ಮನಿಗೆ ವೀಸಾ ಮಾಡಿಸಿ ಮಸ್ಕತ್ತಿನ ಹಮ್ರಿಯಾದ ನಮ್ಮ ಫ್ಲ್ಯಾಟಿಗೆ ಕರೆದುಕೊಂಡು ಬಂದರು. ಊರಿನ ಡಾಕ್ಟರ ಚೀಟಿಯೊಟ್ಟಿಗೆ ತಂದಿದ್ದ ಮಾತ್ರೆ ಮುಗಿಯುತ್ತಾ ಬಂದಾಗ ನಾನು ಆರಾಮವಾಗಿ ಕೆಳಗಿನ ಮೆಡಿಕಲ್ ಶಾಪಿಗೆ ಇಳಿದೆ. ಅಲ್ಲಿದ್ದ ಮಲಯಾಳಿ ಹುಡುಗ ನಾನು ಚಾಚಿದ ಮಾತ್ರೆಯ ಸ್ಟ್ರಿಪ್ಪನ್ನು ಕೈಯಲ್ಲಿ ಮುಟ್ಟಲೂ ಇಲ್ಲ.

“ಚೇಚಿ, ಇದು ಹೀಗೆಲ್ಲ ಸಿಗೋದಿಲ್ಲ. ಈ ಮಾತ್ರೆಯನ್ನು ನಶೆಗೆ ನುಂಗುವವರಿದ್ದಾರೆ. ದೊಡ್ಡ ಆಸ್ಪತ್ರೆಯಲ್ಲಿ ಕಾರ್ಡ್ ಮಾಡಿಸಬೇಕು. ಊರಿಂದ ಯಾರ ಕೈಯಲ್ಲೂ ತರಿಸಬೇಡಿ, ತಂದವರು ಸಿಕ್ಕಿಬೀಳ್ತಾರೆ.”

ಊರಿಂದ ಬರುವವರ ಬ್ಯಾಗಿನಲ್ಲಿ ಹಪ್ಪಳ, ಉಪ್ಪಿನಕಾಯಿ, ಮಾತ್ರೆ ಎಲ್ಲ ತರಿಸಿಕೊಂಡೇ ಬದುಕುವವರು ನಾವು. ಆ ದಾರಿಯೂ ಮುಚ್ಚಿತು. ನೋವಿಗೆ ಗಾಂಜಾ ಕೊಡಲಿಕ್ಕೂ ಕೆಲವು ದೇಶಗಳಲ್ಲಿ ಕಾರ್ಡು ಉಂಟಂತೆ ಎಂದು ಇವರು ಮೊಬೈಲಿನಲ್ಲಿ ಓದಿ ಹೇಳಿದರು. “ಮೆಲ್ಲ ಮಾತಾಡಿ, ಗೋಡೆಯ ಆಚೆ ಜನ ಇದ್ದಾರೆ!” ಎಂದು ನಾನೇ ಜೋರಾಗಿ ಕಿರುಚಿದೆ.

ಆಮೇಲೆ ಶುರುವಾಯಿತು ನೋಡಿ ಅಲೆದಾಟ. ಅಲ್ ಖುವೈರಿನ ನನ್ನ ಆಫೀಸಿಗೆ ಅರ್ಧ ದಿನ ರಜೆ ಹಾಕುವುದು, ಹೈವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಹಲ್ಲು ಕಡಿಯುವುದು, ಒಂದು ಕ್ಲಿನಿಕ್ಕಿನಿಂದ ಇನ್ನೊಂದಕ್ಕೆ ಓಡುವುದು, “ಬುಕ್ರಾ, ಇನ್‌ಶಾ ಅಲ್ಲಾ” ಎಂದರೆ ನಾಳೆಯೇ ಎಂದು ನಂಬಿ ಮರುದಿನ ಪುನಃ ಹೋಗಿ ನಿಲ್ಲುವುದು. ಇತ್ತ ಮಾತ್ರೆ ಮುಗಿದೇಹೋಯಿತು. ಅತ್ತೆ ಹಳೆಯ ಹತ್ತಿ ನೈಟಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು. ಒಂದು ಮಾತಿಲ್ಲ. ನರಳುವುದೂ ಇಲ್ಲ.

ಆ ಮೌನ ನನ್ನಿಂದ ತಡೆಯಲು ಆಗಲಿಲ್ಲ. ನಮ್ಮ ಅತ್ತೆ ಎಂದರೆ ಬಾಯಿ. ನನ್ನ ಸಾರಿಗೆ ಉಪ್ಪು ಜಾಸ್ತಿ, ಗಂಜಿಗೆ ನೀರು ಜಾಸ್ತಿ, ನಾನು ಆಫೀಸಿಗೆ ಹೋಗುವ ಪ್ಯಾಂಟು ಬಿಗಿ ಜಾಸ್ತಿ. ಬಂದ ದಿನದಿಂದ ಬೆಳಗ್ಗೆ ಚಾ ಕುಡಿಯುವ ಮೊದಲು ಒಂದು ಸಲ, ಕುಡಿದ ಮೇಲೆ ಒಂದು ಸಲ, “ಇದು ಎಂಥ ಊರು ಮಾರಾಯ್ತಿ, ಬರೀ ಕಲ್ಲು. ನನ್ನನ್ನು ವಿಮಾನ ಹತ್ತಿಸಿಬಿಡಿ” ಎನ್ನುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ, ಸರಿಯಾಗಿಯೇ ತಿರುಗಿಸಿ ಕೊಡುತ್ತಿದ್ದೆ. ಈಗ ಆ ಬಾಯಿ ಮುಚ್ಚಿದಾಗ ನನಗೆ ಅಡುಗೆ ಮಾಡಲಿಕ್ಕೇ ಕೈ ಏಳುತ್ತಿರಲಿಲ್ಲ. ಹೀಗೆಯೇ ಆದರೆ ಅತ್ತೆಯನ್ನು ಊರಿಗೆ ಕಳಿಸುವುದೇ ದಾರಿ, ಅಲ್ಲಾದರೂ ಮಾತ್ರೆ ಸಿಗುತ್ತದಲ್ಲ ಎಂದು ಇವರು ಟಿಕೆಟ್ ನೋಡತೊಡಗಿದರು.

ಅಷ್ಟರಲ್ಲಿ ಕಾರ್ಡು ಸಿಕ್ಕಿತು. ಅದಕ್ಕೇ ನಾನು ಕಿರುಚಿದ್ದು!

ಕಾರ್ಡಿನಲ್ಲಿ ಅತ್ತೆಯ ಫೋಟೋ, ಬೈಯಲು ಹೊರಟವರ ಹಾಗೆ ಮುಖ. ಬರುವ ದಾರಿಯಲ್ಲಿ ಒಮಾನಿ ಹಲ್ವ ಕಟ್ಟಿಸಿಕೊಂಡೆ, ಪಕ್ಕದ ಫ್ಲ್ಯಾಟುಗಳಿಗೆ ಹಂಚಿದೆ, ಆಫೀಸಿಗೂ ಒಯ್ದೆ. “ಏನು, ಪ್ರಮೋಷನ್ನಾ?” ಎಂದು ಕೇಳಿದವರಿಗೆ “ಅತ್ತೆಗೆ ಕಾರ್ಡು!” ಎಂದೆ. ಅವರಿಗೆ ಅರ್ಥವಾಗಲಿಲ್ಲ, ಹಲ್ವ ಮಾತ್ರ ತಿಂದರು. ಮಾತ್ರೆ ಮೈಗೆ ಹಿಡಿದ ಮೇಲೆ ಒಂದು ಬೆಳಗ್ಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ತೆಂಗಿನಕಾಯಿ ಹಾಗೆ ತುರಿಯುದಾ? ಅರ್ಧ ಚಿಪ್ಪಲ್ಲೇ ಉಂಟಲ್ಲ!” ಎಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಬೀಳಲಿಲ್ಲ. “ನೀವೇ ತುರಿಯಿರಿ ಹಾಗಾದ್ರೆ” ಎಂದೆ.

ಕಾರ್ಡಿನ ಆಯುಷ್ಯ ಒಂದು ವರ್ಷ. ವರ್ಷ ಕಳೆದು ರಿನ್ಯೂವಲ್ ಬಂತು. ಮೊದಲ ಸಲ ಊರಿನ ಡಾಕ್ಟರ ಚೀಟಿ ನೋಡಿಯೇ ಕಾರ್ಡು ಕೊಟ್ಟಿದ್ದರು, ಈ ಸಲ ಮಾತ್ರೆ ಇನ್ನೂ ಬೇಕೋ ಬೇಡವೋ ಎಂದು ಡಾಕ್ಟರ್ ರೋಗಿಯನ್ನೇ ಕೇಳಿ ನೋಡಿ ಬರೆಯಬೇಕು. ಅವರು ಬರೆದರೆ ಕಾರ್ಡು, ಕಾರ್ಡಿದ್ದರೆ ಮಾತ್ರೆ. ಸಿಗದಿದ್ದರೆ ಎಂದು ಇವರು ಪುನಃ ಟಿಕೆಟ್ ನೋಡತೊಡಗಿದ್ದರು, ನನಗೆ ಮಾತ್ರ ಏನೂ ಹೆದರಿಕೆ ಇರಲಿಲ್ಲ. ಹಿಂದಿನ ವಾರವೆಲ್ಲ ಚಳಿಗೆ ಅತ್ತೆಯ ಉರಿ ಸ್ವಲ್ಪ ಏರಿತ್ತು, ಹೇಳಲಿಕ್ಕೆ ಬೇಕಾದಷ್ಟಿತ್ತು.

ಹೊರಡುವ ದಿನ ಅತ್ತೆ ಕೋಣೆಯಿಂದ ಹೊರಗೆ ಬಂದದ್ದು ನೋಡಿ ನಾನು ದಂಗಾದೆ. ಜರಿಯಂಚಿನ ಭಾರದ ರೇಷ್ಮೆ ಸೀರೆ. ಬಿಗಿ ರವಕೆ. ಮುಖಕ್ಕೆ ಪೌಡರ್. ಮುಡಿಯಲ್ಲಿ ರುವಿ ಪೇಟೆಯಿಂದ ಮಗನ ಕೈಯಲ್ಲಿ ತರಿಸಿಟ್ಟುಕೊಂಡ ಮಲ್ಲಿಗೆ.

“ಇದೆಂಥದು ಅತ್ತೆ, ಮದುವೆಗಾ? ಪಕ್ಕೆ ಉರಿಯುದಿಲ್ವಾ?”

“ನಾಲ್ಕು ಜನರೆದುರು ಹೋಗುವಾಗ ಲಕ್ಷಣವಾಗಿ ಹೋಗ್ಬೇಕು. ನಿನ್ನ ಹಾಗಲ್ಲ.”

ಆಸ್ಪತ್ರೆಯ ಬಾಗಿಲಲ್ಲಿ ವೀಲ್‌ಚೇರ್ ತಂದರೆ ಅದರತ್ತ ತಿರುಗಿಯೂ ನೋಡಲಿಲ್ಲ. ಇವರು ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹೋದರು. ಅತ್ತೆ ಬೆನ್ನು ನೆಟ್ಟಗೆ ಮಾಡಿ ನನಗಿಂತ ಮುಂದೆ ನಡೆದರು.

ಡಾಕ್ಟರ್ ಒಮಾನಿ ಹೆಂಗಸು. ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ನಾನು ಬಾಯಿ ತೆರೆಯುವ ಮೊದಲೇ ನೇರ ಅತ್ತೆಯನ್ನೇ ಕೇಳಿದರು, “ಅಮ್ಮಾ, ದರ್ದ್ ಕೈಸಾ ಹೈ?”

ಸೀರಿಯಲ್ ನೋಡಿ ನೋಡಿ ಅತ್ತೆಗೂ ಹಿಂದಿ ತಕ್ಕಮಟ್ಟಿಗೆ ಗೊತ್ತು. ಹಲ್ಲು ಕಾಣುವಂತೆ ನಕ್ಕು, “ದರ್ದ್? ಕುಚ್ ನಹೀಂ. ಏಕ್‌ದಮ್ ಠೀಕ್!” ಎಂದರು.

“ಮಾಶಾ ಅಲ್ಲಾ!” ಡಾಕ್ಟರಿಗೆ ಬಹಳ ಸಂತೋಷವಾಯಿತು. ನೋವಿಲ್ಲದಿದ್ದರೆ ಮಾತ್ರೆಯನ್ನು ಮೆಲ್ಲ ಮೆಲ್ಲ ಕಡಿಮೆ ಮಾಡಿ ನಿಲ್ಲಿಸುವ, ಇನ್ನು ಕಾರ್ಡು ಬೇಡ ಎಂದು ಕಂಪ್ಯೂಟರಿನ ಕಡೆ ತಿರುಗಿದರು.

“ಸುಳ್ಳು!” ನಾನು ಕೂತಲ್ಲಿಂದ ಎದ್ದೇಬಿಟ್ಟೆ. “ಡಾಕ್ಟರ್, ಸುಳ್ಳು ಹೇಳ್ತಿದ್ದಾರೆ! ಮೊನ್ನೆಯಷ್ಟೇ ಊಟ ಬಿಟ್ಟು ಮಲಗಿದ್ರು!”

ಅತ್ತೆ ನನ್ನ ತೊಡೆಗೆ ಚಿವುಟಿದರು. ಅಬ್ಬಾ, ಆ ಚಿವುಟು! “ಸುಮ್ಮನೆ ಕೂತ್ಕೊ. ಸರ್ಕಾರಿ ಡಾಕ್ಟರ್ ಅದು. ಹುಷಾರಿಲ್ಲ ಅಂದ್ರೆ ಅನ್‌ಫಿಟ್ ಅಂತ ಬರೆದು ಊರಿಗೆ ಕಳಿಸ್ತಾರೆ. ನಿನ್ನ ಮಾವನನ್ನು ಹಾಗೇ ಕಳಿಸಿದ್ದು.”

ನನಗೆ ಗೊತ್ತಿರಲಿಲ್ಲ, ಅತ್ತೆ ಅಲ್ಲೇ ಪಿಸುಗುಟ್ಟಿ ಹೇಳಿದರು. ಮಾವ ಪ್ರಾಯದಲ್ಲಿ ಗಲ್ಫಿಗೆ ಬಂದಿದ್ದರಂತೆ. ವೀಸಾದ ತಪಾಸಣೆಯಲ್ಲಿ ಎಕ್ಸ್‌ರೇಯಲ್ಲಿ ಏನೋ ಕಂಡಿತಂತೆ, ಕೂಡಲೇ ವಾಪಸ್ ಕಳಿಸಿದರಂತೆ. ತಂದ ಬ್ಯಾಗನ್ನು ಹಾಗೇ ಹೊತ್ತುಕೊಂಡು ಅವರು ಮನೆಯ ಮೆಟ್ಟಿಲು ಹತ್ತಿದ್ದನ್ನು ಅತ್ತೆ ಕಂಡಿದ್ದರು. ಈ ಮರಳುಗಾಡಿನ ಯಾವ ಡಾಕ್ಟರ ಎದುರು ನೋವು ಎಂದರೂ ಗತಿ ಅಷ್ಟೇ ಎಂದು ಅವರು ತಿಳಿದಿದ್ದರು. ಆ ರೇಷ್ಮೆ, ಆ ಪೌಡರ್, ಆ ನೆಟ್ಟಗಿನ ನಡಿಗೆ ಎಲ್ಲ ಫಿಟ್ ಎಂದು ತೋರಿಸಲಿಕ್ಕೆ!

ನಾನು ಗಡಿಬಿಡಿಯಲ್ಲಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಬಂದು ಅತ್ತೆಯ ಎದುರು ಕೂತರು. “ಅಮ್ಮಾ, ನಾನು ವೀಸಾದವಳಲ್ಲ, ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ. ನೋವಿದೆ ಎಂದರೆ ಮಾತ್ರ ನಾನು ಕಾರ್ಡು ಬರೆಯಬಹುದು” ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು.

ಅತ್ತೆ ನನ್ನ ಮುಖ ನೋಡಿದರು. “ನಿಜವಾ?”

“ದೇವರಾಣೆಗೂ ನಿಜ ಅತ್ತೆ.”

“ಅಯ್ಯೋ, ಹಾಗಾದ್ರೆ ಮೊದಲು ಈ ರವಕೆಯ ಗುಂಡಿ ಬಿಚ್ಚು ಮಾರಾಯ್ತಿ! ಬೆಂಕಿ ಇಟ್ಟ ಹಾಗೆ ಉಂಟು, ಜೀವ ಹೋಗ್ತಾ ಉಂಟು!”

ಪರದೆ ಎಳೆದು ಗುಂಡಿ ಬಿಚ್ಚಿದೆ. ಒಳಗೆ ಪಕ್ಕೆ ಉದ್ದಕ್ಕೂ ಕೆಂಪಾಗಿತ್ತು. ಅಷ್ಟು ಹೊತ್ತು ಹೇಗೆ ನಗುತ್ತಾ ಕೂತಿದ್ದರೋ! ಆಮೇಲೆ ಅತ್ತೆ ಎಲ್ಲಿ ಉರಿ, ಎಲ್ಲಿ ಚುಚ್ಚು, ಯಾವಾಗ ಏರುವುದು ಎಲ್ಲ ಒಂದೇ ಸಮನೆ ಹೇಳಿದರು. ಕನ್ನಡ, ತುಳು, ಹಿಂದಿ ಎಲ್ಲ ಕಲೆಸಿಹೋಗಿತ್ತು. ಒಬ್ಬರ ನೋವಿನ ಕತೆಯನ್ನು ನಾನು ಅಷ್ಟು ಸಂತೋಷದಿಂದ ಯಾವತ್ತೂ ಕೇಳಿಲ್ಲ. ಡಾಕ್ಟರ್ ಟೈಪ್ ಮಾಡುತ್ತಲೇ ಇದ್ದರು.

ಬರೆದು ಮುಗಿಸಿ ಅವರು ಕೇಳಿದರು, “ಇಷ್ಟು ನೋವು ಮುಚ್ಚಿಟ್ಟುಕೊಂಡು ಇಲ್ಲೇ ಇರಬೇಕಾ ಅಮ್ಮಾ? ಊರು ಬೇಡವಾ?”

ಅತ್ತೆ ಸೆರಗು ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ, ಬೆರಳು ಮಾತ್ರ ನನ್ನ ಕಡೆ ತೋರಿಸಿದರು. “ಇಸ್ಕೇ ಸಾಥ್ ರಹನಾ ಹೈ.”

ಇವಳ ಜೊತೆ ಇರಬೇಕು. ಮಗನ ಜೊತೆ ಎನ್ನಲಿಲ್ಲ ಮಾರಾಯ್ರೆ, ಇವಳ ಜೊತೆ ಎಂದರು!

ನಾನು ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಪೇಶೆಂಟನ್ನು ಬಿಟ್ಟು ಡಾಕ್ಟರ್ ನನಗೆ ನೀರು ಕೊಡಬೇಕಾಯಿತು. ಆ ಹೊತ್ತಿಗೆ ಇವರ ಫೋನು. ಪಾರ್ಕಿಂಗ್ ಸಿಕ್ಕಿತು, ಯಾವ ರೂಮು, ರಿನ್ಯೂವಲ್ ಆಯಿತಾ ಎಂದರು. ನಾನು ಫೋನಿನಲ್ಲೂ ಅಳುತ್ತಲೇ ಇದ್ದೆ. ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡು ಹೇಳಿದರು:

“ಆಯ್ತು ಮಗ. ನಾನು ಎಲ್ಲಿಗೂ ಹೋಗುದಿಲ್ಲ. ನೀನು ಆ ಟಿಕೆಟ್ ನೋಡುದು ಇನ್ನು ನಿಲ್ಲಿಸು.”